ಅತಿವಾಹನ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಐದನೆಯದಾದ ಪರಿಗ್ರಹ ಪರಿಮಾಣಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ತತ್ತ್ವಾರ್ಥಸೂತ್ರವು ಅವನ್ನು ಹೊಲ ಮನೆ, ಬೆಳ್ಳಿ ಬಂಗಾರ, ಧನ ಧಾನ್ಯ, ದಾಸಿ ದಾಸ, ಬಟ್ಟೆ ಪಾತ್ರೆ ಇವುಗಳ ಮಿತಿಯನ್ನು ಮೀರುವುದೆಂದು ಎಣಿಸುತ್ತದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ಪಟ್ಟಿ ಬೇರೆ ತೆರನಾದುದು. ಅಲ್ಲಿ ವಸ್ತುಗಳ ಹೆಸರಿಲ್ಲ, ಮನುಷ್ಯನ ನಡತೆಗಳ ಹೆಸರಿದೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಹುಡುಗನಾಗಿದ್ದಾಗ ಈ ಐದನ್ನೂ ಬಾಯಿಪಾಠ ಮಾಡಿ ಒಪ್ಪಿಸಿದವನು ನಾನು. ಅವುಗಳಲ್ಲಿ ಮೊದಲನೆಯದರ ಅರ್ಥವನ್ನು ನಿಜವಾಗಿ ಯೋಚಿಸುವ ಪ್ರಸಂಗ ಬಂದದ್ದು ಮಾತ್ರ ಎಪ್ಪತ್ತರ ಸಮೀಪದಲ್ಲಿ, ಒಂದು ಕಾರಿನ ಒಳಗೆ ಕುಳಿತಿದ್ದಾಗ.

ಅತಿವಾಹನ ಎಂಬ ಪದಕ್ಕೆ ಎರಡು ಅರ್ಥಗಳನ್ನು ಹೇಳುವುದುಂಟು. ಲೋಭದಿಂದ ಎತ್ತು ಮುಂತಾದ ಪ್ರಾಣಿಗಳನ್ನು ಅವುಗಳ ಶಕ್ತಿಗೆ ಮೀರಿದ ದೂರ ನಡೆಸುವುದು ಒಂದು. ಅಗತ್ಯಕ್ಕಿಂತ ಹೆಚ್ಚು ವಾಹನಗಳನ್ನು ಇಟ್ಟುಕೊಳ್ಳುವುದು ಇನ್ನೊಂದು. ಎರಡೂ ಗಾಡಿ ಪಲ್ಲಕ್ಕಿಗಳ ಕಾಲದ ಅರ್ಥಗಳು. ಎಂಜಿನ್ನಿಗೆ ದಣಿವಿಲ್ಲವಾದ್ದರಿಂದ ಮೊದಲನೆಯ ಅರ್ಥ ತಮಗೆ ತಗಲುವುದಿಲ್ಲವೆಂದು ಇಂದಿನ ಶ್ರಾವಕರು ನಿಶ್ಚಿಂತರಾಗಿದ್ದಾರೆ. ಮನೆಯಲ್ಲಿ ಒಂದೇ ಕಾರು ಇರುವವರು ಎರಡನೆಯ ಅರ್ಥದಿಂದಲೂ ಪಾರಾದೆವೆಂದು ತಿಳಿಯುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ.

ನನ್ನ ತಂಗಿಯ ಮಗ ಹನ್ನೆರಡು ವರ್ಷ ಬೆಂಗಳೂರಿನಲ್ಲಿ ದುಡಿದು ಬೆಟ್ಟಂಪಾಡಿಯ ತೋಟಕ್ಕೆ ಮರಳಿ ಬಂದ. ಅಳಿಯಸಂತಾನದ ಕಟ್ಟಳೆ ಕಾನೂನಿನಿಂದ ಹೋಗಿದ್ದರೂ ನಮ್ಮ ಮನಸ್ಸಿನಿಂದ ಹೋಗಿಲ್ಲ; ಅವನು ನನಗೆ ಅಳಿಯನೂ ಹೌದು, ಮನೆಯ ಮುಂದಿನ ಯಜಮಾನನೂ ಹೌದು. ಬರುವಾಗ ಅವನು ಒಂದು ಕೂಪೆಯನ್ನು ತಂದ. ಕೂಪೆ ಎಂದರೆ ಎರಡೇ ಬಾಗಿಲುಗಳ, ತಗ್ಗಾದ ಮೈಯ, ಹಿಂದಕ್ಕೆ ಇಳಿಜಾರಾಗಿ ಸಾಗುವ ಛಾವಣಿಯ ಕಾರು. ಇವನದು ಮತ್ತೊಬ್ಬರು ಬಳಸಿ ಮಾರಿದ್ದು. ಆದರೂ ಅದಕ್ಕೆ ಕೊಟ್ಟ ಹಣದಲ್ಲಿ ನಮ್ಮ ಊರಿನಲ್ಲಿ ಒಂದು ಒಳ್ಳೆಯ ಮನೆ ಎದ್ದೀತು. ತೋಟದ ಕೆಲಸಕ್ಕೆ, ಪುತ್ತೂರಿನಲ್ಲಿ ಅವನು ಇಟ್ಟಿರುವ ಸಣ್ಣ ಕಚೇರಿಗೆ, ಬ್ಯಾಂಕಿಗೆ, ಹಬ್ಬ ಹುಣ್ಣಿಮೆಗೆ, ಎಲ್ಲಕ್ಕೂ ಇದೇ ವಾಹನ. ‘ಬೇರೊಂದು ಕಾರು ಯಾಕೆ ಮಾವ? ಎರಡು ಇಟ್ಟುಕೊಂಡರೆ ಅದಲ್ಲವೇ ಪರಿಗ್ರಹ?’ ಎಂದು ಅವನೇ ನನ್ನನ್ನು ಕೇಳಿದ. ಮಾತು ಸರಿಯಾಗಿತ್ತು, ಉತ್ತರ ತಕ್ಷಣ ತೋಚಲಿಲ್ಲ.

ಇಂತಹ ಕಾರುಗಳ ಸಾಮರ್ಥ್ಯವೇನೆಂಬುದನ್ನು ತಿಳಿಯದ ಓದುಗರಿಗಾಗಿ ಎರಡು ಮಾತು. 1983ರ ಕೊನೆಯಲ್ಲಿ ಬಂದು ನಮ್ಮ ದೇಶದ ಮಧ್ಯಮವರ್ಗಕ್ಕೆ ಕಾರನ್ನು ಪರಿಚಯಿಸಿದ ಮಾರುತಿ 800ರ ಎಂಜಿನ್ನಿಗೆ 40ಕ್ಕಿಂತಲೂ ಕಡಿಮೆ ಅಶ್ವಶಕ್ತಿಯಿತ್ತು. ಅದರಲ್ಲಿ ಐದು ಮಂದಿ ಕುಳಿತು ಚಾರ್ಮಾಡಿ ಘಾಟಿಯನ್ನು ಹತ್ತಿದ್ದೇವೆ. 2016ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಫೋರ್ಡ್ ಮಸ್ಟಾಂಗ್ ಕೂಪೆಯ ಶಕ್ತಿ ಸುಮಾರು 400. 2023ರಲ್ಲಿ ಬಂದ ಬಿಎಂಡಬ್ಲ್ಯು ಎಂ2 ಎಂಬ ಕೂಪೆಯದು 460. ನಮ್ಮ ಮನೆಯದು ಇವೆರಡೂ ಅಲ್ಲ, ಆದರೆ ಅದೇ ಪಂಗಡಕ್ಕೆ ಸೇರಿದುದು. ಈಗ ನಮ್ಮ ರಸ್ತೆಯ ಕಡೆ ನೋಡೋಣ. ಮಾಣಿ ಮೈಸೂರು ಹೆದ್ದಾರಿಯಿಂದ ಸಂಟ್ಯಾರಿನಲ್ಲಿ ಕವಲೊಡೆದು ಬೆಟ್ಟಂಪಾಡಿ, ಪಾಣಾಜೆಗಳ ಮೂಲಕ ಕೇರಳದ ಗಡಿಯತ್ತ ಸಾಗುವ ದಾರಿಯಿದು. ತಿರುವು, ಏರು, ಇಳಿತ, ಮತ್ತೆ ತಿರುವು. ಎರಡೂ ಬದಿಯಲ್ಲಿ ಅಡಿಕೆ, ರಬ್ಬರು, ಗೇರು. ಕೇಂದ್ರ ಸರಕಾರ 2018ರಲ್ಲಿ ಗೊತ್ತುಪಡಿಸಿದಂತೆ ಇಂತಹ ರಸ್ತೆಯಲ್ಲಿ ಕಾರಿನ ವೇಗದ ಗರಿಷ್ಠ ಮಿತಿ ಗಂಟೆಗೆ 70 ಕಿಲೋಮೀಟರ್. ಸಮತಟ್ಟಾದ ನೆಲದಲ್ಲಿ ಆ ವೇಗವನ್ನು ಕಾಯ್ದುಕೊಳ್ಳಲು ಇಪ್ಪತ್ತು ಅಶ್ವಶಕ್ತಿಯೂ ಬೇಕಿಲ್ಲ. ಉಳಿದ ನಾನೂರು ಕುದುರೆಗಳು ಲಾಯದಲ್ಲಿ ನಿಂತೇ ಇರುತ್ತವೆ. ನಿಲ್ಲಿಸಿಟ್ಟ ಕುದುರೆಗಳನ್ನು ಸಮಂತಭದ್ರರು ಅತಿಸಂಗ್ರಹದಲ್ಲಿ ಎಣಿಸುತ್ತಿದ್ದರೇ, ಅತಿವಾಹನದಲ್ಲಿ ಎಣಿಸುತ್ತಿದ್ದರೇ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ.

ವ್ರತ ಸ್ವೀಕರಿಸುವಾಗ ನಾವು ಬರೆದುಕೊಡುವ ಪಟ್ಟಿಯಲ್ಲಿ ಸಂಖ್ಯೆಗಳಿರುತ್ತವೆ. ಮನೆ ಇಷ್ಟು, ಎಕರೆ ಇಷ್ಟು, ಚಿನ್ನ ಇಷ್ಟು, ವಾಹನ ಒಂದು. ಆ ‘ಒಂದು’ ಎಂಬಲ್ಲಿ ಹಾಲಿನ ಸೊಸೈಟಿಗೆ ಹೋಗುವ ಮೊಪೆಡ್ಡೂ ಅಡಗುತ್ತದೆ, ಅರ್ಧ ಕೋಟಿಯ ಕೂಪೆಯೂ ಅಡಗುತ್ತದೆ. ಲೆಕ್ಕಕ್ಕೆ ತಪ್ಪಿಲ್ಲ. ಹಾಗಾದರೆ ಬೆಲೆಯನ್ನೇ ಮಿತಿಯಾಗಿ ಇಡಬಹುದಲ್ಲ ಎಂದರೆ, ಬೆಲೆ ಕಾಲಕಾಲಕ್ಕೆ ಏರುವ ವಸ್ತು. ಅಡಿಕೆಯ ಧಾರಣೆ ಏರಿದ ವರ್ಷ ಎಲ್ಲರ ಮಿತಿಯೂ ಏರುತ್ತದೆ. ಪರಿಮಾಣವೆಂಬ ಮಾತಿನಲ್ಲಿ ಸಂಖ್ಯೆ, ಬೆಲೆಗಳ ಜೊತೆಗೆ ಸಾಮರ್ಥ್ಯವೂ ಸೇರಬೇಕೆಂದು ನನಗೆ ತೋರುತ್ತದೆ. ನನ್ನ ಬಳಿ ಇರುವ ವಸ್ತು ಏನನ್ನು ಮಾಡಬಲ್ಲುದು, ಅದರಲ್ಲಿ ಎಷ್ಟು ನನಗೆ ಬೇಕು, ಬೇಡದ ಆ ಉಳಿಕೆಯನ್ನು ನಾನು ಯಾವುದಕ್ಕಾಗಿ ಕೊಂಡೆ ಎಂದು ಕೇಳಿಕೊಳ್ಳುವುದು ಕಠಿಣವಾದರೂ ಅಸಾಧ್ಯವಲ್ಲ.

ಇದಕ್ಕೆ ಅಳಿಯನ ಉತ್ತರ ಪ್ರಾಮಾಣಿಕವಾಗಿತ್ತು. ‘ಆ ಉಳಿಕೆಯೇ ಸಂತೋಷ, ಮಾವ. ಇದೆ ಎಂದು ಗೊತ್ತಿದ್ದರೆ ಸಾಕು, ಉಪಯೋಗಿಸಬೇಕೆಂದಿಲ್ಲ.’ ಲೋಭಿಯಾದ ಶೆಟ್ಟಿಯ ಕಥೆಗಳಲ್ಲಿ ನೆಲದಡಿ ಹೂತಿಟ್ಟ ಹಂಡೆಯ ಬಗೆಗೂ ಇದೇ ಮಾತು ಬರುತ್ತದೆ ಎಂದು ನಾನು ಹೇಳಿದೆ. ಅವನು ನಕ್ಕ. ಅವನು ಕೆಟ್ಟವನಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಕಂದಮೂಲ ತಿನ್ನದವನು, ಪರ್ವದ ದಿನ ಏಕಾಶನ ಮಾಡುವವನು, ತೋಟದ ಕೆಲಸದವರ ಕೂಲಿಯನ್ನು ಒಂದು ದಿನವೂ ತಡ ಮಾಡದವನು. ತೆರಿಗೆಯನ್ನೂ ಅವನು ತಪ್ಪಿಸಿದವನಲ್ಲ. ಇಪ್ಪತ್ತು ಲಕ್ಷಕ್ಕೆ ಮೇಲ್ಪಟ್ಟ ಕಾರಿಗೆ ಕರ್ನಾಟಕದಲ್ಲಿ ಬೆಲೆಯ ಶೇ. 18ರಷ್ಟು ಆಜೀವ ತೆರಿಗೆ ಇರುವುದರಿಂದ ಕೆಲವರು ಬೇರೆ ರಾಜ್ಯಗಳಲ್ಲಿ ನೋಂದಾಯಿಸಿ ಇಲ್ಲಿ ಓಡಿಸುತ್ತಾರೆ. 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆಯವರು ಬೆಂಗಳೂರಿನಲ್ಲಿ ಅಂತಹ ಸುಮಾರು ಮೂವತ್ತು ಬೆಲೆಬಾಳುವ ಕಾರುಗಳನ್ನು ಒಟ್ಟಿಗೆ ವಶಪಡಿಸಿಕೊಂಡದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮ ಎಂಬ ಒಂದನ್ನು ಹಿರಿಯರು ಸುಮ್ಮನೆ ಇಟ್ಟಿರಲಿಲ್ಲ. ಗಡಿಯ ಸಮೀಪದಲ್ಲಿ ಬಾಳುವ ನಮಗೆ ಅದು ಬೇಗ ಅರ್ಥವಾಗುತ್ತದೆ.

ನಿತ್ಯಜೀವನದಲ್ಲಿ ಇಂತಹ ಕಾರು ಹೇಗಿರುತ್ತದೆ? ಹೊಗಳುವವರಿಗೆ ಇದು ಗೊತ್ತಿರುವುದಿಲ್ಲ. ಅದರ ತಳ ನೆಲಕ್ಕೆ ಅಂಗೈ ಅಗಲದಷ್ಟು ಹತ್ತಿರ. ಶಾಲೆಯ ಎದುರಿನ ಉಬ್ಬನ್ನು ದಾಟುವಾಗ ಅದು ಬಸುರಿ ಹೆಂಗಸಿನಂತೆ ಓರೆಯಾಗಿ, ಮೆಲ್ಲನೆ ದಾಟಬೇಕು. ನಮ್ಮ ಮನೆಗೆ ಇಳಿಯುವ ಮುರಕಲ್ಲಿನ ದಾರಿಯನ್ನು ಅದಕ್ಕಾಗಿಯೇ ಅಗೆಸಿ, ಕಾಂಕ್ರೀಟು ಹಾಕಿಸಬೇಕಾಯಿತು. ಒಂದು ಪರಿಗ್ರಹ ಇನ್ನೊಂದನ್ನು ಕರೆದು ತರುತ್ತದೆಂದು ಉಪನ್ಯಾಸಗಳಲ್ಲಿ ಹೇಳುತ್ತಿದ್ದ ನನಗೆ ಮನೆಯ ಅಂಗಳದಲ್ಲಿಯೇ ದೃಷ್ಟಾಂತ ಸಿಕ್ಕಿತು. ಅಗೆಯುವಾಗ ಎಷ್ಟು ಗೆದ್ದಲು, ಎಷ್ಟು ಎರೆಹುಳು ಹೋದವೋ ಲೆಕ್ಕವಿಟ್ಟವರಿಲ್ಲ.

ಹಿಂದಿನ ಸೀಟು ಹೆಸರಿಗೆ ಮಾತ್ರ. ಮುಂದಿನ ಸೀಟನ್ನು ಮಡಚಿ, ಬೆನ್ನು ಬಗ್ಗಿಸಿ, ಮೊಣಕಾಲನ್ನು ಎದೆಗೆ ತಂದುಕೊಂಡು ಒಳಗೆ ಹೋಗಬೇಕು. ಮಂಡಿನೋವಿನ ನನ್ನ ತಂಗಿ ಒಮ್ಮೆ ಪ್ರಯತ್ನಿಸಿ, ‘ನಾನು ಮುಂದೆ ಕುಳಿತರೆ ಅಣ್ಣ ಹಿಂದೆ, ಅಣ್ಣ ಮುಂದೆ ಕುಳಿತರೆ ನಾನು ಮನೆಯಲ್ಲಿ’ ಎಂದಳು. ನನ್ನ ಯೌವನದಲ್ಲಿ ಪುತ್ತೂರು ಸುಳ್ಯ ಸೀಮೆಯ ಹಳ್ಳಿಗಳಿಗೆ ಸರ್ವಿಸ್ ಜೀಪುಗಳು ಓಡುತ್ತಿದ್ದವು. ಒಳಗೆ ಹತ್ತು ಮಂದಿ, ಹಿಂದೆ ನೇತಾಡಿಕೊಂಡು ನಾಲ್ವರು, ಮೇಲೆ ಬಾಳೆಗೊನೆ. ಅದನ್ನು ಸುಖವೆನ್ನಲಾರೆ; ಅತಿಭಾರವಹನವೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆಯೂ ಇರಲಾರದು. ಆದರೆ ದಾರಿಯಲ್ಲಿ ಕೈ ಅಡ್ಡ ಹಿಡಿದವನನ್ನು ಬಿಟ್ಟು ಹೋಗುವ ಜೀಪು ಇರಲಿಲ್ಲ. ಬೆಟ್ಟಂಪಾಡಿಯ ಪ್ರಥಮ ದರ್ಜೆ ಕಾಲೇಜಿಗೆ ಹೋಗುವ ಮಕ್ಕಳು ಬಸ್ಸು ತಪ್ಪಿ ಬದಿಯಲ್ಲಿ ನಿಂತಿರುವಾಗ ಈ ಕಾರು ಅವರ ಮುಂದೆ ಹಾದುಹೋಗುತ್ತದೆ. ಅವರು ಕೈ ತೋರಿಸುವುದಿಲ್ಲ. ಅದರಲ್ಲಿ ತಮಗೆ ಜಾಗವಿದೆಯೆಂದು ಅವರಿಗೆ ಅನ್ನಿಸುವುದೇ ಇಲ್ಲ. ಅವರು ಫೋನು ತೆಗೆದು ಚಿತ್ರ ಹಿಡಿಯುತ್ತಾರೆ.

ವಿಸ್ಮಯವೆಂಬ ಮೂರನೆಯ ಅತಿಚಾರ ನನಗೆ ಮೊದಲಿನಿಂದಲೂ ಒಗಟಾಗಿತ್ತು. ಇನ್ನೊಬ್ಬರ ಸಂಪತ್ತನ್ನು ಕಂಡು ಬೆರಗಾಗುವುದು ಹೇಗೆ ದೋಷವಾದೀತು? ಬೆರಗಿನಲ್ಲಿ ಕೈಯಿಂದ ಏನೂ ತೆಗೆದುಕೊಂಡಂತಾಗುವುದಿಲ್ಲವಲ್ಲ. ಕಾರು ಬಂದ ಮೇಲೆ ಅದರ ಅರ್ಥ ಹೊಳೆಯಿತು. ಪೇಟೆಯಲ್ಲಿ ಅದನ್ನು ನಿಲ್ಲಿಸಿದರೆ ಸುತ್ತ ಹುಡುಗರು ಸೇರುತ್ತಾರೆ. ವರ್ತಕರು ಗಲ್ಲದಿಂದ ಎದ್ದು ಬಾಗಿಲಿಗೆ ಬರುತ್ತಾರೆ. ಅವರ ಕಣ್ಣಿನಲ್ಲಿರುವುದು ಆ ಕ್ಷಣದಿಂದ ಅವರ ಮನೆಯ ಹಳೆಯ ಕಾರನ್ನು ಸಣ್ಣದಾಗಿಸುವ ಬೆರಗು. ಹಾಗಿದ್ದರೆ ಆ ದೋಷ ಬೆರಗಾದವನದೇ, ಬೆರಗುಗೊಳಿಸಲೆಂದೇ ವಸ್ತುವನ್ನು ಇಟ್ಟುಕೊಂಡವನದೇ? ಪಕ್ಕದ ಸೀಟಿನಿಂದ ಇಳಿಯುವಾಗ ನನ್ನ ಪಂಚೆಯನ್ನು ನಾನು ಎಂದಿಗಿಂತ ಹೆಚ್ಚು ಗಂಭೀರವಾಗಿ ಸರಿಪಡಿಸಿಕೊಳ್ಳುತ್ತಿದ್ದೆ ಎಂಬುದನ್ನೂ ಮುಚ್ಚಿಡಲಾರೆ.

ಈಗ ಹೇಳಬೇಕಾದ ಸಂಗತಿಗೆ ಬರುತ್ತೇನೆ. ಅದು ಒಂದು ಡಿಸೆಂಬರಿನ ಸಂಜೆ. ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ದರ್ಶನ ಮುಗಿಸಿ ನಾವಿಬ್ಬರೂ ಹೊರಟಾಗ ತಡವಾಗಿತ್ತು. ಪರಿಚಿತರು ಸಿಕ್ಕಿದರು, ಮಾತು ಬೆಳೆಯಿತು, ತಪ್ಪು ನನ್ನದೇ. ನಾನು ರಾತ್ರಿಭೋಜನ ತ್ಯಾಗಿ. ಐವತ್ತು ವರ್ಷಗಳಿಂದ ಸೂರ್ಯಾಸ್ತದ ಮೇಲೆ ಅನ್ನ ಮುಟ್ಟಿದವನಲ್ಲ. ಬಿ.ಸಿ. ರೋಡಿನಲ್ಲಿ ವಾಹನಗಳ ಸಾಲು. ಪುತ್ತೂರು ದಾಟುವಾಗ ಬಿಸಿಲು ಅಡಿಕೆ ಮರಗಳ ತುದಿಗೆ ಏರಿತ್ತು. ಮನೆಯಲ್ಲಿ ತಂಗಿ ಎಲೆ ಹಾಕಿ ಕಾಯುತ್ತಿರುತ್ತಾಳೆ. ನಾನು ಒಂದು ಹೊತ್ತು ಉಪವಾಸವಿದ್ದರೆ ಆಗುತ್ತಿದ್ದ ನಷ್ಟವೇನೂ ಇರಲಿಲ್ಲ. ಆದರೂ ಸಂಟ್ಯಾರಿನಲ್ಲಿ ತಿರುಗಿದ ಕೂಡಲೆ, ‘ಸ್ವಲ್ಪ ಬೇಗ ಹೋಗು’ ಎಂದೆ.

ಅವನು ಕಾಲನ್ನು ಒತ್ತಿದ. ಕಾರು ಗುರುಗುಟ್ಟಿ ಮುಂದೆ ಸಾಗಿತು. ಅದು ಎಷ್ಟು ಸಲೀಸಾಗಿ ಓಡಿತೆಂದರೆ ವೇಗದ ಅರಿವೇ ಆಗಲಿಲ್ಲ. ನನ್ನ ಹಳೆಯ ಕಾರು ಅರವತ್ತು ದಾಟಿದರೆ ಬಾಗಿಲಿನಿಂದ ಸ್ಟಿಯರಿಂಗಿನವರೆಗೆ ನಡುಗಿ, ಮೆಲ್ಲಗೆ ಹೋಗು ಎಂದು ಎಚ್ಚರಿಸುತ್ತಿತ್ತು. ಇದು ಎಂಬತ್ತರ ಮೇಲೆಯೂ ದೇವರಕೋಣೆಯಷ್ಟು ಸ್ಥಿರ. ಒಂದು ತಿರುವಿನ ಆಚೆ, ತೋಟದ ಅಗಳಿನಿಂದ ಒಂದು ಮುಂಗುಸಿ ರಸ್ತೆಗೆ ಬಂತು. ಅವನು ಬ್ರೇಕು ಹಾಕಿದ. ಬೇರೆ ಯಾವ ಕಾರೂ ಅಷ್ಟು ಬೇಗ ನಿಲ್ಲುತ್ತಿರಲಿಲ್ಲವೆಂದು ನಂಬುತ್ತೇನೆ. ಇದೂ ನಿಲ್ಲಲಿಲ್ಲ. ಸಣ್ಣದೊಂದು ಸದ್ದು ಕೇಳಿಸಿತು.

ಇಬ್ಬರೂ ಇಳಿದೆವು. ಇಳಿದು ಇಬ್ಬರೂ ಮೊದಲು ನೋಡಿದ್ದು ಕಾರಿನ ಮುಂಭಾಗವನ್ನು. ಅವನು ಬಗ್ಗಿ ಬಂಪರಿನ ಅಂಚಿಗೆ ಬೆರಳಾಡಿಸಿದ. ‘ಏನೂ ಆಗಿಲ್ಲ’ ಎಂದು ನಾನು ಹೇಳಿದೆ. ಈ ಮಾತು ನನ್ನ ಬಾಯಿಂದ ಬಂದು ಒಂದು ಗಳಿಗೆಯ ಅನಂತರ ಹಿಂದೆ ತಿರುಗಿ ನೋಡಿದೆವು. ಅದು ಇನ್ನೂ ಉಸಿರಾಡುತ್ತಿತ್ತು. ಅಳಿಯ ತನ್ನ ಶಾಲಿನಲ್ಲಿ ಎತ್ತಿಕೊಂಡು ಬದಿಗೆ ತಂದ. ನಾನು ಣಮೋಕಾರ ಹೇಳಿದೆ. ಅದು ಮುಗಿಯುವ ಮೊದಲೇ ಪ್ರಾಣ ಹೋಗಿತ್ತು. ಮನೆಗೆ ತಲಪುವಾಗ ಕತ್ತಲಾಗಿತ್ತು; ಊಟವೂ ತಪ್ಪಿತು.

ಪ್ರಾಣಿ ಸತ್ತುದೇ ಹಿಂಸೆಯಲ್ಲ, ಪ್ರಮಾದದ ಯೋಗದಿಂದ ಪ್ರಾಣಕ್ಕೆ ಘಾತವಾದುದು ಹಿಂಸೆ ಎಂಬುದು ನಮ್ಮ ಸಿದ್ಧಾಂತ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಇನ್ನೂ ಮುಂದಕ್ಕೆ ಒಯ್ಯುತ್ತಾರೆ. ಎಚ್ಚರದಿಂದ ನಡೆಯುವವನ ಕಾಲಡಿ ಜೀವ ಹೋದರೂ ಅವನು ಹಿಂಸಕನಲ್ಲ. ಎಚ್ಚರಗೇಡಿಯ ಕಾಲಡಿ ಯಾವ ಜೀವ ಸಾಯದಿದ್ದರೂ ಹಿಂಸೆ ಅವನ ಮುಂದೆ ಓಡುತ್ತಲೇ ಇರುತ್ತದೆ. ಮರುದಿನ ಅಳಿಯ ಈ ಮಾತನ್ನೇ ಹಿಡಿದ. ‘ನನ್ನ ಎಚ್ಚರದಲ್ಲಿ ಕೊರತೆ ಎಲ್ಲಿತ್ತು, ಮಾವ? ಕಣ್ಣು ರಸ್ತೆಯ ಮೇಲಿತ್ತು. ಬ್ರೇಕು ತಕ್ಷಣ ಹಾಕಿದೆ. ನಿಮ್ಮ ಹಳೆಯ ಕಾರಾಗಿದ್ದರೆ ನಾವೇ ಹೊಂಡಕ್ಕೆ ಹೋಗುತ್ತಿದ್ದೆವು.’ ಅವನ ವಾದದಲ್ಲಿ ಸತ್ಯವಿದೆ. ಈ ಕಾರುಗಳ ಬ್ರೇಕು, ಟಯರು, ಹಿಡಿತಗಳು ಸಾಮಾನ್ಯ ಕಾರಿಗಿಂತ ಎಷ್ಟೋ ಮೇಲು. ಅವುಗಳನ್ನು ಹೀಗಳೆಯುವವರು ಈ ಮಾತನ್ನು ಬಿಟ್ಟುಬಿಡುವುದು ನ್ಯಾಯವಲ್ಲ.

ಆದರೂ ಲೆಕ್ಕ ಹಾಕಿ ನೋಡಿದೆ. ಮುನಿಗಳಿಗೆ ವಿಧಿಸಿದ ಈರ್ಯಾಸಮಿತಿಯಲ್ಲಿ ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿಕೊಂಡು, ಹಗಲಿನ ಬೆಳಕಿನಲ್ಲಿ, ಜನ ನಡೆದು ಸವೆದ ದಾರಿಯಲ್ಲಿ ನಡೆಯಬೇಕು. ನಡೆಯುವ ಮನುಷ್ಯನಿಗೆ ಆ ನಾಲ್ಕು ಮೊಳ ದಾಟಲು ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು. ಇರುವೆಯನ್ನು ಕಂಡು ಕಾಲನ್ನು ಹಿಂದೆಗೆಯಲು ಅಷ್ಟು ಸಮಯ ಸಾಕು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಅದೇ ಅವಕಾಶ ಬೇಕಿದ್ದರೆ ಸುಮಾರು 30 ಮೀಟರ್ ಮುಂದಿನ ನೆಲ ಕಾಣುತ್ತಿರಬೇಕು, ಆಮೇಲೆ ನಿಲ್ಲಿಸಲು ಇನ್ನಷ್ಟು ದೂರ ಬೇಕು. ನಮ್ಮ ದಾರಿಯ ತಿರುವುಗಳಲ್ಲಿ ಅಷ್ಟು ದೂರ ಯಾರಿಗೂ ಕಾಣುವುದಿಲ್ಲ, ಎಂತಹ ಬ್ರೇಕು ಇದ್ದರೂ ಕಾಣುವುದಿಲ್ಲ. ವೇಗ 50ರಿಂದ 70ಕ್ಕೆ ಏರಿದರೆ ಹೊಡೆತದ ಶಕ್ತಿ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಶಾಲೆಯ ಭೌತಶಾಸ್ತ್ರ. ಅಳಿಯನ ಕಣ್ಣು ಎಚ್ಚರವಾಗಿತ್ತು, ಕೈ ಎಚ್ಚರವಾಗಿತ್ತು. ಕಾಣದ ತಿರುವಿಗೆ ಆ ವೇಗದಲ್ಲಿ ನುಗ್ಗಬಹುದೆಂದು ಒಪ್ಪಿದ ಕ್ಷಣದಲ್ಲಿ ಪ್ರಮಾದ ಆಗಿಹೋಗಿತ್ತು. ಒಪ್ಪಿಸಿದವನು ನಾನು. ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಮೆಚ್ಚುವುದು ಮೂರನ್ನೂ ಕೃತ ಕಾರಿತ ಅನುಮೋದನವೆಂದು ಸಮನಾಗಿ ಇಟ್ಟ ಧರ್ಮದಲ್ಲಿ, ಕಾರು ನಡೆಸದ ನಾನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಅದೂ ಒಂದು ವ್ರತವನ್ನು ಕಾಯುವುದಕ್ಕಾಗಿ. ರಾತ್ರಿಭೋಜನ ತ್ಯಾಗವನ್ನು ವಿಧಿಸಿದ್ದೇ ಕತ್ತಲಲ್ಲಿ ಕಾಣದ ಜೀವಗಳಿಗೆ ಘಾತವಾಗದಿರಲೆಂದು.

ವಾಹನವನ್ನೇ ಬಿಡಬೇಕೆಂದು ಇದರ ಅರ್ಥವಲ್ಲ. ಗೃಹಸ್ಥನ ಆರಂಭೀ, ಉದ್ಯೋಗೀ ಹಿಂಸೆಗಳನ್ನು ಶಾಸ್ತ್ರ ಒಪ್ಪಿಕೊಂಡೇ ಮಿತಿ ಹಾಕಿದೆ. ತ್ಯಾಗಿಗಳಲ್ಲಿಯೂ ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1946ರಲ್ಲಿ ಹುಟ್ಟಿ 2024ರಲ್ಲಿ ಡೋಂಗರಗಢದಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ ಆಚಾರ್ಯ ವಿದ್ಯಾಸಾಗರರು ದೀಕ್ಷೆಯ ಅನಂತರದ ಅರ್ಧ ಶತಮಾನಕ್ಕೂ ಮಿಕ್ಕಿದ ಕಾಲವನ್ನು ಕಾಲ್ನಡಿಗೆಯಲ್ಲಿಯೇ ಕಳೆದರು. ಇನ್ನೊಂದೆಡೆ ಶ್ವೇತಾಂಬರ ತೇರಾಪಂಥದ ಆಚಾರ್ಯ ತುಲಸಿಯವರು 1980ರಲ್ಲಿ ಸಮಣ ಶ್ರೇಣಿಯೊಂದನ್ನು ಸ್ಥಾಪಿಸಿ, ದೂರದೇಶಗಳ ಧರ್ಮಪ್ರಚಾರಕ್ಕಾಗಿ ವಾಹನ ಏರಲು ಅವರಿಗೆ ಅವಕಾಶವಿತ್ತರು. ನಮ್ಮ ಭಟ್ಟಾರಕ ಪರಂಪರೆಯಲ್ಲಿಯೂ ಪ್ರಯಾಣಕ್ಕೆ ವಾಹನವುಂಟು. ಪ್ರಯೋಜನವೇನು ಎಂಬ ಪ್ರಶ್ನೆಗೆ ಇವರಲ್ಲಿ ಉತ್ತರವಿದೆ. ಅನರ್ಥದಂಡಗಳಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವಾಗ ಸಮಂತಭದ್ರರು ನೆಲ, ನೀರು, ಬೆಂಕಿ, ಗಾಳಿಗಳನ್ನು ವ್ಯರ್ಥವಾಗಿ ಕದಡುವುದರ ಜೊತೆಗೆ ಸುಮ್ಮನೆ ತಿರುಗುವುದನ್ನೂ ತಿರುಗಿಸುವುದನ್ನೂ ಸೇರಿಸಿದ್ದಾರೆ. ಭಾನುವಾರ ಬೆಳಗ್ಗೆ ಕಾರಣವಿಲ್ಲದೆ ಸಂಪಾಜೆ ಘಾಟಿಗೆ ಹೋಗಿ ಚಹಾ ಕುಡಿದು ಬರುವ ನಮ್ಮ ಯುವಕರು ಆ ಮಾತನ್ನು ಒಮ್ಮೆ ಓದಬೇಕು.

ಶಕ್ತಿಯೇ ದೋಷವೆಂದೂ ನಾನು ಹೇಳಲಾರೆ. ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದಲ್ಲಿ ಕಡೆದ 39 ಅಡಿಯ ಬಾಹುಬಲಿಯನ್ನು 1970ರ ದಶಕದಲ್ಲಿ ಧರ್ಮಸ್ಥಳಕ್ಕೆ ತಂದದ್ದು 64 ಚಕ್ರಗಳ ಟ್ರಾಲಿಯ ಮೇಲೆ. ನಮ್ಮ ಜಿಲ್ಲೆಯ ರಸ್ತೆಯಲ್ಲಿ ಅದಕ್ಕಿಂತ ಬಲವಾದ ಎಳೆತ ಅಂದು ನಡೆದಿರಲಾರದು. ಅದು ಎತ್ತಿನ ಗಾಡಿಗಿಂತಲೂ ನಿಧಾನವಾಗಿ ಸಾಗಿತು. ದಾರಿಯುದ್ದಕ್ಕೂ ಊರ ಜನ ಬಂದು ಕಾಯಿ ಒಡೆದು, ಹೂ ಹಾಕಿ, ಜೊತೆಗೆ ನಡೆದರು. ಆ ವಿಗ್ರಹದ ಪ್ರತಿಷ್ಠೆ 1982ರಲ್ಲಿ ನಡೆಯಿತು. ಗೆದ್ದ ರಾಜ್ಯವನ್ನು ಬಿಟ್ಟು, ಮೈಗೆ ಬಳ್ಳಿ ಹಬ್ಬುವಷ್ಟು ಕಾಲ ಅಲುಗಾಡದೆ ನಿಂತವನನ್ನು ಹೊತ್ತು ತರಲು ಬೇಕಾದ ಬಲವೆಲ್ಲ ಅಲ್ಲಿ ಪೂರ್ತಿ ಖರ್ಚಾಯಿತು, ಮಿಗಲಿಲ್ಲ.

ಮುಂಗುಸಿಯ ಘಟನೆಯ ಅನಂತರ ಅಳಿಯ ಕಾರನ್ನು ಮುಟ್ಟಲಿಲ್ಲ. ಅಡಿಕೆ ಒಣಗಿಸುವ ಅಂಗಳದ ಬದಿಯ ಕೊಟ್ಟಿಗೆಯಲ್ಲಿ ನಿಲ್ಲಿಸಿ, ಹೊದಿಕೆ ಹಾಕಿ, ಬಸ್ಸಿನಲ್ಲಿ ಪುತ್ತೂರಿಗೆ ಹೋಗತೊಡಗಿದ. ನಾನು ಸಂತೋಷಪಟ್ಟೆ, ನಾಲ್ಕು ಮಂದಿಯ ಎದುರು ಅವನನ್ನು ಹೊಗಳಿಯೂ ಹೊಗಳಿದೆ. ಆದರೆ ಕೆಲವು ವಾರಗಳಲ್ಲಿ ಬೇರೊಂದನ್ನು ಕಂಡೆ. ಬೆಳಗ್ಗೆ ಎದ್ದವನು ಮೊದಲು ಕೊಟ್ಟಿಗೆಗೆ ಹೋಗುತ್ತಿದ್ದ. ಹೊದಿಕೆ ಸರಿಸಿ, ಧೂಳಿಲ್ಲದ ಮೈಯನ್ನು ಮೃದುವಾದ ಬಟ್ಟೆಯಿಂದ ಒರೆಸಿ, ಎಂಜಿನ್ ಐದು ನಿಮಿಷ ಚಾಲೂ ಮಾಡಿ ಕೇಳುತ್ತಿದ್ದ. ಇಲಿ ವಯರು ಕಡಿದೀತೆಂದು ರಾತ್ರಿ ಎದ್ದು ನೋಡುತ್ತಿದ್ದ. ಇಲಿಗೆ ಏನು ಉಪಾಯವೆಂದು ಒಂದು ದಿನ ಯಾರನ್ನೋ ಫೋನಿನಲ್ಲಿ ಕೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ದಿನವೂ ಓಡುತ್ತಿದ್ದಾಗ ಆ ಕಾರಿಗೆ ಕೆಸರು ತಾಗುತ್ತಿತ್ತು, ಗೀರು ಬೀಳುತ್ತಿತ್ತು; ಅವನು ಒಂದು ಮಾತು ಬೈದು ಮರೆಯುತ್ತಿದ್ದ. ಓಡದೆ ನಿಂತ ಮೇಲೆ ಅದು ಅವನ ಮನಸ್ಸನ್ನು ಪೂರ್ತಿಯಾಗಿ ತುಂಬಿತು.

ಇಲ್ಲಿ ನನ್ನ ತಿಳಿವಳಿಕೆಗೆ ಪೆಟ್ಟು ಬಿತ್ತು. ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನಲ್ಲಿ ಇಡದೆ ಮೂರ್ಛೆಯಲ್ಲಿ ಇಟ್ಟರು. ಬಳಸಿದರೆ ಈ ವಸ್ತುವಿನ ಮೇಲಣ ಮೂರ್ಛೆ ಸವೆಯುತ್ತದೆ, ಹಿಂಸೆ ಬೆಳೆಯುತ್ತದೆ. ಬಳಸದಿದ್ದರೆ ಹಿಂಸೆ ನಿಲ್ಲುತ್ತದೆ, ಮೂರ್ಛೆ ಬೆಳೆಯುತ್ತದೆ. ಅಹಿಂಸೆಯೂ ಅಪರಿಗ್ರಹವೂ ಒಂದೇ ದಾರಿಯಲ್ಲಿ ಕೈ ಹಿಡಿದು ನಡೆಯುತ್ತವೆಂದು ನಾವು ವೇದಿಕೆಗಳಲ್ಲಿ ಹೇಳುತ್ತೇವೆ. ನಮ್ಮ ಕೊಟ್ಟಿಗೆಯಲ್ಲಿ ಅವು ಎರಡು ದಿಕ್ಕಿಗೆ ಮುಖ ಮಾಡಿ ನಿಂತಿದ್ದವು. ಮಾರಿಬಿಟ್ಟರೆ ಎರಡೂ ತೀರಿತಲ್ಲ ಎಂದು ಓದುಗರು ಕೇಳಬಹುದು. ನಾನೂ ಕೇಳಿದೆ. ‘ಕೊಂಡವನು ಇದನ್ನು ನನಗಿಂತ ಮೆಲ್ಲಗೆ ಓಡಿಸುವನೇ?’ ಎಂದ. ನೆವವೇ ಆದರೂ ಅದು ಪೂರಾ ನೆವವಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಅವನನ್ನು ಕರೆದುಕೊಂಡು ಹೋದೆ. ವೀರೇಂದ್ರ ಹೆಗ್ಗಡೆಯವರು ಆಸ್ಥೆಯಿಂದ ಕೂಡಿಸಿದ ಹಳೆಯ ಕಾರುಗಳ ಸಾಲು ಧರ್ಮಸ್ಥಳದಲ್ಲಿದೆ. ಒಂದು ಕಾಲದಲ್ಲಿ ಊರನ್ನೇ ಬೆರಗುಗೊಳಿಸಿದ ಆ ವಾಹನಗಳ ಮುಂದೆ ಇಂದು ಶಾಲೆಯ ಮಕ್ಕಳು ಬುತ್ತಿ ಹಿಡಿದು ನಡೆಯುತ್ತಾರೆ. ಎಲ್ಲರೂ ನೋಡಬಹುದಾದ ವಸ್ತುವಿನ ಮೇಲೆ ಯಾರೊಬ್ಬರ ಮೂರ್ಛೆಯೂ ಬಹಳ ಹೊತ್ತು ನಿಲ್ಲಲಾರದು. ಅಳಿಯ ಅಲ್ಲಿ ಬಹಳ ಹೊತ್ತು ನಿಂತ. ಏನು ಯೋಚಿಸಿದನೆಂದು ನಾನು ಕೇಳಲಿಲ್ಲ.

ಭೋಗೋಪಭೋಗ ಪರಿಮಾಣದಲ್ಲಿ ಎರಡು ಬಗೆ: ಬದುಕಿರುವವರೆಗಿನದು ಯಮ, ಕಾಲಮಿತಿಯದು ನಿಯಮ. ಒಂದು ದಿನ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು ಎಂದು ಹಿಡಿಯಬಹುದು. ನಿಯಮ ಹಿಡಿಯಬೇಕಾದ ವಸ್ತುಗಳನ್ನು ಹೇಳುವಾಗ ಸಮಂತಭದ್ರರು ಭೋಜನದ ಅನಂತರ ಎರಡನೆಯದಾಗಿಯೇ ವಾಹನವನ್ನು ಹೆಸರಿಸುತ್ತಾರೆ. ಅದೇ ಪಟ್ಟಿಯಲ್ಲಿ ತಾಂಬೂಲವೂ ಇದೆ; ಅಡಿಕೆಯಿಂದಲೇ ಬದುಕುವ ನಾವು ಆ ಪದವನ್ನು ಸ್ವಲ್ಪ ಮೆಲ್ಲಗೆ ಓದುವುದು ವಾಡಿಕೆ. ಯಮವನ್ನು ಹೇರುವ ಅಧಿಕಾರ ನನಗಿಲ್ಲ. ನಿಯಮವೊಂದನ್ನು ಸೂಚಿಸಿದೆ. ಮಳೆಗಾಲದಲ್ಲಿ ಜೀವೋತ್ಪತ್ತಿ ಹೆಚ್ಚೆಂದು ಮುನಿಗಳು ವಿಹಾರವನ್ನು ನಿಲ್ಲಿಸಿ ಚಾತುರ್ಮಾಸದಲ್ಲಿ ಒಂದೆಡೆ ನೆಲೆಸುತ್ತಾರೆ. ನಮ್ಮ ಸೀಮೆಯಲ್ಲಿ ಮೊದಲ ಮಳೆಯ ರಾತ್ರಿ ರಸ್ತೆಯನ್ನು ನೋಡಿದವರಿಗೆ ಆ ವಿಧಿಯನ್ನು ವಿವರಿಸಬೇಕಾಗಿಲ್ಲ. ದೀಪದ ಬೆಳಕಿಗೆ ರೆಕ್ಕೆ ಬಂದ ಗೆದ್ದಲುಗಳ ಮಳೆಯೇ ಎದುರಾಗುತ್ತದೆ. ಟಾರಿನ ಮೇಲೆ ಮಾರಿಗೊಂದು ಕಪ್ಪೆ.

ಅವನು ಒಪ್ಪಿದ. ಆ ನಾಲ್ಕು ತಿಂಗಳು ಕೂಪೆ ಕೊಟ್ಟಿಗೆಯಲ್ಲಿ, ಅವನು ಬಸ್ಸಿನಲ್ಲಿ. ಉಳಿದ ಎಂಟು ತಿಂಗಳು ಅದೇ ದಿನನಿತ್ಯದ ವಾಹನ, ಆದರೆ ಕತ್ತಲಾದ ಮೇಲೆ ಓಡಿಸುವುದಿಲ್ಲ, ನಮ್ಮ ರಸ್ತೆಯಲ್ಲಿ ಐವತ್ತರ ಮೇಲೆ ಇಲ್ಲ. ಇದರಲ್ಲಿ ಧರ್ಮವೆಷ್ಟು, ಮಳೆನೀರು ಏರಿದ ದಾರಿಯಲ್ಲಿ ಕಾರಿನ ತಳ ಕೆಡುವ ಭಯವೆಷ್ಟು ಎಂದು ತಂಗಿ ಚೇಷ್ಟೆ ಮಾಡುತ್ತಾಳೆ. ಚೆಲ್ಯಡ್ಕದ ಮುಳುಗು ಸೇತುವೆಯ ಮೇಲೆ ನೀರು ಹರಿಯುತ್ತಿದ್ದ ಮಳೆಗಾಲಗಳನ್ನು ಕಂಡ ನಮಗೆ ಆ ಅನುಮಾನ ಸಹಜವೇ. ಅವನೂ ನಗುತ್ತಾನೆ, ಇಲ್ಲವೆನ್ನುವುದಿಲ್ಲ. ಕೊಟ್ಟಿಗೆಗೆ ಬೆಳಗ್ಗೆ ಹೋಗುವ ಅಭ್ಯಾಸ ಚಾತುರ್ಮಾಸದಲ್ಲಿ ಮರಳಿ ಬರುತ್ತದೆ. ದೀಪಾವಳಿ ಕಳೆದು ಕಾರು ಹೊರಬಿದ್ದ ಮೇಲೆ ಅದು ನಿಲ್ಲುತ್ತದೆ. ಈ ವರ್ಷ ಹಿಂದಿನ ಸೀಟಿನ ಮೇಲೆ ಗೊಬ್ಬರದ ಚೀಲವನ್ನೂ ಕಂಡೆ. ಬಾಗಿಲ ಬಳಿ ಉದ್ದನೆಯ ಗೀರೊಂದಿದೆ. ಎಲ್ಲಿ ಆಯಿತೆಂದು ಕೇಳಿದರೆ ಅವನಿಗೆ ನೆನಪಿರಲಿಲ್ಲ.

ಮೂಡಬಿದಿರೆಗೆ ನಾವು ಈಗಲೂ ಅದರಲ್ಲಿಯೇ ಹೋಗುತ್ತೇವೆ. ತಂಗಿ ಮುಂದೆ, ನಾನು ಬೆನ್ನು ಬಗ್ಗಿಸಿ ಹಿಂದೆ, ಗೊಬ್ಬರದ ವಾಸನೆಯ ನಡುವೆ. ಮಧ್ಯಾಹ್ನ ಮೂರು ಗಂಟೆಯಾದರೆ, ಯಾರು ಮಾತಿಗೆ ಸಿಕ್ಕಿರಲಿ, ನಾನೇ ಎದ್ದು ಚಪ್ಪಲಿ ಹುಡುಕುತ್ತೇನೆ.